14,000 ಕಿ.ಮೀ. ದೂರದ ಮಕ್ಕಳು

ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಧರ್ಮಕೇಂದ್ರದ ಗುರುಗಳೂ ಬಂಧುಗಳೂ ಕೇಳುವ ಮಾತೊಂದುಂಟು: ಪರದೇಶದ ಮಕ್ಕಳು ಯಾವಾಗ ತಲುಪುವರು? ಅಂತ್ಯಕ್ರಿಯೆಯ ಬಲಿಪೂಜೆಯ ಹೊತ್ತು ಗೊತ್ತುಪಡಿಸುವುದು ಈ ಉತ್ತರದ ಮೇಲೆಯೇ. ಲೆಕ್ಕ ತಪ್ಪಿದರೆ ಹೆತ್ತವರ ಮುಖವನ್ನು ಕೊನೆಯ ಬಾರಿ ಕಾಣುವ ಭಾಗ್ಯವೂ ತಪ್ಪುತ್ತದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರನ್ನು ಹೊತ್ತಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂಗಳೂರು ವಿಮಾನ ನಿಲ್ದಾಣದಿಂದ ಅಲ್ಲಿಗೆ ಸುಮಾರು 14,000 ಕಿ.ಮೀ. ಇದು ಗೋಳದ ಮೇಲೆ ದಾರ ಎಳೆದು ಅಳೆದಂತಹ ದೂರ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಈ ದಾರಿ ಕಾಣುವುದಿಲ್ಲ. ಅದು ಉತ್ತರಕ್ಕೆ ಏರಿ, ಸೈಬೀರಿಯದ ಈಶಾನ್ಯ ಅಂಚನ್ನೂ ಅಲಾಸ್ಕವನ್ನೂ ಹಾದು ಅಮೆರಿಕದ ಪಶ್ಚಿಮ ತೀರಕ್ಕೆ ಇಳಿಯುತ್ತದೆ.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಹದಿನೈದೂವರೆ ಗಂಟೆ. ಆದರೆ ಏರುವ, ಇಳಿಯುವ ಹೊತ್ತನ್ನೂ ಎದುರುಗಾಳಿಯನ್ನೂ ಸುತ್ತುದಾರಿಯನ್ನೂ ಅದಕ್ಕೆ ಸೇರಿಸಬೇಕು. 2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ತಂದ ವಿಮಾನ ಎಲ್ಲಿಯೂ ತಂಗದೆ ಬೆಂಗಳೂರಿನಲ್ಲಿ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಹಾರಿದ್ದು ಸುಮಾರು 17 ಗಂಟೆ; ಆದರೂ ನಮ್ಮ ಪಂಚಾಂಗದ ಭಾನುವಾರದ ಬಹುಭಾಗ ಆಕಾಶದಲ್ಲೇ ಕಳೆದಿತ್ತು. ನಮಗೂ ಅವರಿಗೂ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರವಿರುವುದೇ ಇದಕ್ಕೆ ಕಾರಣ. ಆದುದರಿಂದ ಟಿಕೆಟಿನಲ್ಲಿ ಮುದ್ರಿತವಾದ ಎರಡು ಸಮಯಗಳನ್ನು ಒಂದರಿಂದೊಂದು ಕಳೆದು ಪ್ರಯಾಣದ ಅವಧಿಯನ್ನು ತಿಳಿಯಲಾಗದು.

ಇನ್ನು ಬೆಂಗಳೂರಿನಲ್ಲಿ ಇಳಿದ ಮಾತ್ರಕ್ಕೆ ಮನೆ ಸೇರಿದಂತಲ್ಲ. ಪಾಸ್‌ಪೋರ್ಟ್ ತಪಾಸಣೆ, ಸಾಮಾನು, ಆ ಬಳಿಕ ಘಟ್ಟ ಇಳಿದು ಮಂಗಳೂರಿಗೆ ಸುಮಾರು 350 ಕಿ.ಮೀ. ರಸ್ತೆ. ಹೊರಡುವ ನಿಲ್ದಾಣಕ್ಕೆ ಮೂರು ಗಂಟೆ ಮುಂಚಿತವಾಗಿ ಹೋಗುವುದನ್ನೂ ಸೇರಿಸಿದರೆ ಒಟ್ಟು ಮೂವತ್ತು ಗಂಟೆಯ ಹತ್ತಿರವಾಯಿತು. ಇದಕ್ಕೆ ಬದಲಾಗಿ ದುಬೈಯ ಮೂಲಕ ಬರುವುದಾದರೆ ಅಲ್ಲಿಯವರೆಗೆ ಸುಮಾರು 13,000 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಸುಮಾರು 2,460 ಕಿ.ಮೀ. ವಿಮಾನದ ದಾರಿ ಉದ್ದವಾಯಿತೇನೋ ನಿಜ. ಆದರೆ ದುಬೈಯಲ್ಲಿ ಹೆಚ್ಚು ಕಾಯದೆ ವಿಮಾನ ದೊರೆತರೆ, ಬಜಪೆಯಲ್ಲಿ ಇಳಿದವನು ಘಟ್ಟ ಇಳಿದು ಬರುವವನಿಗಿಂತ ಮೊದಲೇ ಮನೆ ಸೇರಬಹುದು. ಕಿಲೋಮೀಟರ್ ಕಡಿಮೆಯಿದ್ದರೆ ಗಂಟೆಯೂ ಕಡಿಮೆ ಎಂದು ತಿಳಿಯಬಾರದು.

ಇಂತಹ ಸಂದರ್ಭದಲ್ಲಿ ಮನೆಯವರು ಮಾಡಬೇಕಾದದ್ದು ಇಷ್ಟೆ. ಟಿಕೆಟ್ ಕೈಸೇರಿದ ಬಳಿಕ, ಇಳಿಯುವ ದಿನಾಂಕವನ್ನೂ ಗಂಟೆಯನ್ನೂ ಭಾರತದ ಸಮಯದಲ್ಲಿ ಬರೆದುಕೊಂಡು, ಮುಂದಿನ ರಸ್ತೆಯ ಹೊತ್ತನ್ನು ಕೂಡಿಸಿ, ಆಮೇಲೆಯೇ ಗುರುಗಳೊಡನೆ ಬಲಿಪೂಜೆಯ ಸಮಯ ನಿಶ್ಚಯಿಸಲಿ. ವಿಮಾನ ತಡವಾದರೆಂದು ಅರ್ಧ ದಿನದ ಅವಕಾಶವನ್ನೂ ಇಟ್ಟುಕೊಳ್ಳಲಿ.

ಇಷ್ಟಾಗಿಯೂ ರಜೆ, ವೀಸಾ, ಹಣದ ಅಡಚಣೆಯಿಂದ ಬರಲಾಗದ ಮಕ್ಕಳಿದ್ದಾರೆ. ಅಂಥವರನ್ನು ನೆರೆದವರ ಮುಂದೆ ಹಳಿಯುವುದು ಬೇಡ. ಸತ್ತವರಿಗಾಗಿ ಸಲ್ಲಿಸುವ ಪ್ರಾರ್ಥನೆಗೆ ಮೂವತ್ತು ಗಂಟೆಯ ಪ್ರಯಾಣ ಬೇಕಿಲ್ಲ. ಅಲ್ಲಿನ ದೇವಾಲಯದಲ್ಲಿ ಮೊಣಕಾಲೂರಿದ ಮಗನೂ ತಾಯಿಯನ್ನು ಬೀಳ್ಕೊಟ್ಟವನೇ ಸರಿ.