ಒಡ್ಡಿನ ಕಂಟಿ

ಕೊಡಲಿಯ ಪೆಟ್ಟು ದೂರದಿಂದಲೇ ಕೇಳಿಸುತ್ತದೆ. ಎರಡು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಎರಡು ಪೆಟ್ಟು. ಯುಗಾದಿ ಕಳೆದು ಹದಿನೈದು ದಿನವಾಗಿದೆ. ಬಸವನಬಾಗೇವಾಡಿ ತಾಲ್ಲೂಕಿನ ಡೋಣಿ ನದಿ ಸಾಲಿನ ಈ ಎರಿ ಹೊಲವನ್ನು ಹೊತ್ತು ಮೂಡುವ ಮೊದಲೇ ಮುಟ್ಟಬೇಕು, ಇಲ್ಲವಾದರೆ ಒಂಬತ್ತಕ್ಕೆಲ್ಲ ಬಿಸಿಲು ನೆತ್ತಿ ಕಾಯಿಸತೊಡಗುತ್ತದೆ. ನನ್ನ ಹಿಂದೆಯೇ ಬನ್ನಿ. ಕೆಳಗೆ ನೋಡಿಕೊಂಡು ಹೆಜ್ಜೆ ಇಡಿ. ಕರಿನೆಲ ಬಾಯಿ ಬಿಟ್ಟಿದೆ, ಒಂದೊಂದು ಬಿರುಕಿಗೆ ಮೊಣಕೈವರೆಗೆ ಕೈ ಇಳಿಸಬಹುದು. ಬಿರುಕಿನೊಳಗಿಂದ ತಂಪು ಮಣ್ಣಿನ ವಾಸನೆ ಬರುತ್ತದೆ, ಮುಚ್ಚಿಟ್ಟ ಹಗೇವಿನ ಬಾಯಿ ತೆರೆದಾಗ ಬರುವಂಥದ್ದು.

ಹೊಲ ಬೋಳಾಗಿದೆ. ಹಿಂಗಾರಿಯ ಬಿಳಿಜೋಳವನ್ನು ಈ ಕಡೆ ಕೊಯ್ಯುವುದಕ್ಕಿಂತ ಬುಡಸಮೇತ ಕೀಳುವುದೇ ಹೆಚ್ಚು. ಕಿತ್ತು, ಸೂಡು ಕಟ್ಟಿ, ತೆನೆ ಮುರಿದು, ರಾಶಿ ಮಾಡಿ, ಕಣಿಕೆಯನ್ನು ಬಣವೆ ಒಟ್ಟಿದ ಮೇಲೆ ಉಳಿಯುವುದು ಅಂಗೈಯಂಥ ನೆಲ. ಆ ನೆಲದ ಅಂಚಿಗೆ ಒಡ್ಡಿನುದ್ದಕ್ಕೂ ಕಂಟಿ ಮಾತ್ರ ನಿಂತುಬಿಟ್ಟಿದೆ. ಹಬ್ಬದ ಹಿಂದಿನ ದಿನ ಕ್ಷೌರಕ್ಕೆ ಕೂತ ಮುದುಕ ಗಲ್ಲವೆಲ್ಲ ಬೋಳಿಸಿಕೊಂಡು, ಕಲ್ಲಿಮೀಸೆ ಮುಟ್ಟಬೇಡವೆಂದು ಎದ್ದು ಬಂದಂತೆ.

ಕೆಲಸಕ್ಕೆ ನಿಂತವರು ಮೂವರು. ಅರವತ್ತು ದಾಟಿದ ಕಾಕಾ, ಅವರ ತಮ್ಮನ ಮಗ, ಪಕ್ಕದ ಹೊಲದ ಅಕ್ಕ. ಹುಡುಗನ ಕೈಯಲ್ಲಿ ತನಗಿಂತ ಉದ್ದದ ಕವೆಗೋಲು. ಕಂಟಿಯ ಕೆಳಗೊಂಬೆಗೆ ಕವೆ ತೂರಿಸಿ, ಎದೆಭಾರ ಹಾಕಿ ಆಚೆಗೆ ಒತ್ತಿ ಹಿಡಿಯುತ್ತಾನೆ. ಮುಳ್ಳಿನ ಮಾಡು ಓರೆಯಾಗಿ ಎದ್ದು, ಒಳಗೆ ಬುಡ ಕಾಣುತ್ತದೆ. ಆ ಸಂದಿಯಲ್ಲಿ ಕಾಕಾ ಅರೆಬಾಗಿ ನಿಂತು ಕೊಡಲಿಯನ್ನು ಅಡ್ಡ ಬೀಸದೆ ಓರೆಯಾಗಿ ಇಳಿಸುತ್ತಾರೆ. ಮೊದಲ ಪೆಟ್ಟಿಗೆ ತೊಗಟೆ, ಎರಡನೆಯದಕ್ಕೆ ಹಳದಿ ಬಿಳುಪಿನ ಮೈ, ಮೂರಕ್ಕೋ ನಾಲ್ಕಕ್ಕೋ ಒಳಗಿನ ಕಂದು ತಿರುಳು. ಹಸಿ ಕಟ್ಟಿಗೆಯ ಸಿಹಿಹುಳಿ ವಾಸನೆ ಗಾಳಿಗೆ ಏರುತ್ತದೆ. ಕೊಂಬೆ ನೆಲಕ್ಕೆ ಬೀಳುವಾಗ ಸದ್ದು ದೊಡ್ಡದೇನಲ್ಲ, ರೇಷ್ಮೆಸೀರೆಯ ಮಡಿಕೆ ಬಿಚ್ಚಿದಂತೆ ಒಂದು ಸರಸರ ಅಷ್ಟೇ. ಅಕ್ಕ ಕುಡಗೋಲಿನ ಮೊನೆಯಿಂದ ಅದನ್ನು ಕೊಕ್ಕೆ ಹಾಕಿ ಎಳೆದು, ಬುಡಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಒಟ್ಟುತ್ತಾಳೆ. ಬರಿಗೈಯಿಂದ ಒಂದನ್ನೂ ಮುಟ್ಟುವುದಿಲ್ಲ. ಹಾಗಿದ್ದರೂ ಅವಳ ಮೊಣಕೈಯಲ್ಲಿ ಕೆಂಪು ಗೀರುಗಳಿವೆ, ಸೀರೆಯ ಮೇಲೆ ತೊಟ್ಟ ಗಂಡಸರ ಹಳೆ ಅಂಗಿಯ ತೋಳು ಎರಡು ಕಡೆ ಹರಿದಿದೆ.

"ಬುಡಾ ಬಿಡಬ್ಯಾಡೋ ತಮ್ಮಾ," ಎನ್ನುತ್ತಾರೆ ಕಾಕಾ. "ಮ್ಯಾಲ ಸವರಿದ್ರ ಕಂಟಿಗೆ ಖುಷಿ. ಒಂದ ಮಳಿ ಬಿತ್ತಂದ್ರ ಒಂದಕ್ಕ ಹತ್ತ ಒಡೀತೈತಿ."

ಹುಡುಗ ಗುದ್ದಲಿ ಹಿಡಿಯುತ್ತಾನೆ. ಕಡಿದ ಮೋಟಿನ ಸುತ್ತ ಒಂದು ಮೊಳದಷ್ಟು ಅಗೆದು, ಬೇರು ಕವಲೊಡೆಯುವ ಗಂಟನ್ನೇ ಕಿತ್ತು ಹಾಕಬೇಕು. ಈ ಕಂಟಿ ಬಳ್ಳಾರಿ ಜಾಲಿ. ಅದರ ಜೀವ ಇರುವುದು ಆ ಗಂಟಿನಲ್ಲಿ, ಅದಕ್ಕಿಂತ ಕೆಳಗಿನ ಬೇರು ಮತ್ತೆ ಚಿಗುರುವುದಿಲ್ಲ. ಇದರ ಒಡಹುಟ್ಟಿನ ಜಾತಿಯೊಂದರ ಬೇರು ಅಮೆರಿಕದ ಅರಿಝೋನಾದ ಗಣಿಯೊಂದರಲ್ಲಿ 50 ಮೀಟರಿಗೂ ಆಳದಲ್ಲಿ ಸಿಕ್ಕಿತ್ತಂತೆ ಎಂದು ನಾನು ಓದಿದ್ದನ್ನು ಹೇಳಿದೆ. ಕಾಕಾ ಕೊಡಲಿ ನೆಲಕ್ಕೂರಿ ಬೆವರು ಒರೆಸಿಕೊಂಡರು. "ನಮ್ಮ ಬೋರಿಗೆ ನೀರ ಬೀಳಲಿಲ್ಲರಿ, ಇದಕ್ಕ ಹ್ಯಾಂಗ ಸಿಕ್ಕತ್ರಿ?"

ನೀವು ಕೂರಲು ನೆರಳು ಹುಡುಕುತ್ತಿದ್ದರೆ ಆ ಕರಿಜಾಲಿಯ ಕೆಳಗೆ ಹೋಗಿ. ಅದನ್ನು ಕಡಿಯುವುದಿಲ್ಲ. ಒಡ್ಡಿನ ಮೇಲೆ ನಿಂತದ್ದೆಲ್ಲ ಹೊರಗಿನವರ ಕಣ್ಣಿಗೆ ಒಂದೇ ಮುಳ್ಳುಪೊದೆ, ಕೊಡಲಿ ಹಿಡಿದವರಿಗೆ ಮಾತ್ರ ಒಂದೊಂದಕ್ಕೂ ಒಂದೊಂದು ಲೆಕ್ಕ. ಹಳದಿ ಗುಂಡುಹೂವಿನ ಕರಿಜಾಲಿ ಈ ನೆಲದ್ದೇ, ಕುಂಟೆ ದಿಂಡಿಗೆ ಅದರ ಕಟ್ಟಿಗೆ ಬೇಕು. ಬಾರಿಕಂಟಿಯ ಹಣ್ಣು ಸಂಕ್ರಾಂತಿಗೆ ಮಕ್ಕಳ ಕಿಸೆ ತುಂಬುತ್ತದೆ, ಅದನ್ನು ಸೊಂಟದೆತ್ತರಕ್ಕೆ ಸವರಿ ಬಿಡುತ್ತಾರೆ. ತಂಗಡಿಯನ್ನು ಮುಟ್ಟುವುದಿಲ್ಲ. ಎಕ್ಕೆಯನ್ನು ಅಕ್ಕ ಬೇಕೆಂದೇ ಎರಡು ಗಿಡ ಉಳಿಸಿದಳು. ಬನ್ನಿಯ ಮಾತು ಇನ್ನೂ ವಿಚಿತ್ರ: ದಸರೆಗೆ ಬಂಗಾರವೆಂದು ಹಂಚುವ ಶಮಿ ಈ ಹಾಳು ಬಳ್ಳಾರಿ ಜಾಲಿಗೆ ಹತ್ತಿರದ ಸಂಬಂಧಿಯೇ. ಒಂದಕ್ಕೆ ಕೈ ಮುಗಿಯುತ್ತೇವೆ, ಇನ್ನೊಂದಕ್ಕೆ ಕೊಡಲಿ ಎತ್ತುತ್ತೇವೆ.

ಹೆಸರು ಬಳ್ಳಾರಿಯದಾದರೂ ಇದರ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಒಣಸೀಮೆ. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಬೆಡೋಮ್ 1876ರಲ್ಲಿ ಬೀಜಕ್ಕಾಗಿ ಬರೆದರು, 1877ರಲ್ಲಿ ಜಮೈಕಾದಿಂದ ಬಂದ ಬೀಜವನ್ನು ಕಡಪ ಸೀಮೆಯಲ್ಲಿ ಊರಿದರು. ಅದೇ ಹೊತ್ತಿಗೆ, 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ, ಆಗಿನ್ನೂ ಕಲಾದಗಿ ಜಿಲ್ಲೆಯಾಗಿದ್ದ ಈ ನಾಡು ಅನ್ನವಿಲ್ಲದೆ ಒಣಗುತ್ತಿತ್ತು. ಮಳೆ ಇಲ್ಲದಲ್ಲೂ ಹಸಿರಾಗಿರುವ, ಒಲೆಗೆ ಉರುವಲಾಗುವ ಗಿಡ ಬೇಕೆಂದು ತಂದವರನ್ನು ಬೈಯುವುದು ಸುಲಭ, ನನಗೆ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ. ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದಲೇ, ಇದ್ದಿಲು ಸುಟ್ಟು ಬದುಕಿದವರೂ ಇದ್ದಾರೆ. ಆದರೆ ಅದು ಉರುವಲಾಗಿ ಮಾತ್ರ ಉಳಿಯಲಿಲ್ಲ. ಆಡುಕುರಿ ಸಿಹಿ ಕಾಯಿ ತಿಂದವು, ಬೀಜ ಹಿಕ್ಕೆಯಲ್ಲಿ ಊರೂರು ತಿರುಗಿತು, ಎಲ್ಲಿ ಬಿತ್ತೋ ಅಲ್ಲೇ ಎದ್ದಿತು.

ಒಡ್ಡಿಗೂ ಒಂದು ವಯಸ್ಸಿದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ ಈ ನಾಡಿನಲ್ಲಿ ಬಿದ್ದ ಹನಿ ಹೊಲದಲ್ಲೇ ಇಂಗಬೇಕು. 1930ರ ದಶಕದಲ್ಲಿ ಬಿಜಾಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಶುರುವಾಯಿತು. ಮುಂಬೈ ಸರ್ಕಾರ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾನೂನು ತಂದ ಮೇಲೆ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವ ಕೆಲಸಕ್ಕೆ ಸರ್ಕಾರದ ಬಲ ಬಂತು. ಮಣ್ಣಿನ ಒಡ್ಡಿಗೆ ಹುಲ್ಲು ಬೇಕು, ನಾಲ್ಕು ಗಿಡದ ಬೇರೂ ಬೇಕು. ಪೂರಾ ಬೋಳಿಸಿದ ಒಡ್ಡು ದೊಡ್ಡ ಮಳೆಗೆ ಕೊಚ್ಚಿ ಹೋಗುತ್ತದೆ, ಪೂರಾ ಬಿಟ್ಟ ಒಡ್ಡು ಎರಡೂ ಕಡೆಯ ಹೊಲದೊಳಕ್ಕೆ ಎರಡೆರಡು ಸಾಲು ನುಂಗುತ್ತದೆ. ಜೆಸಿಬಿ ತರಿಸಿದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಕಾಕಾ ವಾರಗಟ್ಟಲೆ ಕೊಡಲಿ ಹಿಡಿಯುವುದು ಹಟದಿಂದಲ್ಲ. ಮೂರು ವರ್ಷದ ಹಿಂದೆ ಕೆಳಗಿನ ಒಡ್ಡಿಗೆ ಯಂತ್ರ ಬಂದಿತ್ತು, ಕಂಟಿಯ ಜೊತೆ ಒಡ್ಡನ್ನೂ ಬಾಚಿಕೊಂಡು ಹೋಯಿತು.

ಹತ್ತು ಗಂಟೆಯ ಹೊತ್ತಿಗೆ ಕುಡಗೋಲಿಗೆ ಠಣ್ಣೆಂದು ಕಲ್ಲು ತಾಕಿತು. ಅಕ್ಕ ಕಸ ಸರಿಸಿದಳು: ಬಾಂದಕಲ್ಲು. ಅರ್ಧ ಹೂತು, ಒಂದು ಕಡೆ ವಾಲಿ ನಿಂತಿದೆ. ಮೂವರೂ ಅದನ್ನು ಸುಮ್ಮನೆ ನೋಡಿದರು. ಆಚೆ ಕಡೆ ಅಕ್ಕನದು, ಈಚೆ ಕಡೆ ಕಾಕಾನದು. ಬದು ಒತ್ತಿದ ಜಗಳಕ್ಕೆ ಕೋರ್ಟು ಹತ್ತಿದ ಮನೆಗಳು ಪ್ರತಿ ಊರಿನಲ್ಲಿವೆ, ಅಂಥ ಜಗಳ ಹುಟ್ಟುವುದು ಕಂಟಿ ಬೆಳೆದು ಕಲ್ಲು ಕಾಣದಾದಾಗಲೇ. ಕಾಕಾ ಕಣ್ಣು ಕಿರಿದು ಮಾಡಿ ನೇಗಿಲ ಸಾಲಿನುದ್ದಕ್ಕೂ ನೋಡಿದರು.

"ನಾನೇ ಒಂದ ಗೇಣ ಒಳಗ ಬಂದೀನಿ ನೋಡವ್ವಾ."

"ಇರ್ಲಿ ಬಿಡ್ರಿ ಕಾಕಾ, ಮುಂದಿನ ವರ್ಷ ಹಿಂದಕ್ಕ ಹೋಗ್ರಿ," ಎಂದಳು ಅಕ್ಕ, ನಗದೆ.

ಬುತ್ತಿಗೆ ಕೂತೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಹುಡುಗ ಚಪ್ಪಲಿ ತೆಗೆದು ಅಂಗಾಲು ತಿರುಗಿಸಿದ. ಟೈರಿನ ಅಟ್ಟೆಯನ್ನೇ ತೂರಿ ಬಂದ ಮುಳ್ಳು ಒಳಗೆ ಮುರಿದಿತ್ತು. ಅಕ್ಕ ಸೆರಗಿನ ಪಿನ್ನು ಬಿಚ್ಚಿ ಕೆದರಿದಳು, ಸಿಗಲಿಲ್ಲ. ಉಳಿಸಿದ ಎಕ್ಕೆಯ ಎಲೆ ಮುರಿದು ಎರಡು ಹನಿ ಹಾಲು ಬಿಟ್ಟಳು, ನಾಳೆ ಮುಳ್ಳು ತಾನಾಗಿ ಮೇಲೆ ಬರುತ್ತದೆ ಎಂದು. ಈ ಸೀಮೆಯಲ್ಲಿ ಸೈಕಲ್ ಕಲಿತ ನನಗೆ ಈ ಮುಳ್ಳಿನ ಪರಿಚಯ ಚೆನ್ನಾಗಿಯೇ ಇದೆ. ತುಳಿದದ್ದಕ್ಕಿಂತ ಟ್ಯೂಬಿಗೆ ತೇಪೆ ಹಚ್ಚಿಸಿದ್ದೇ ಹೆಚ್ಚು.

ಅಂಚು ಸವರುವ ಕೆಲಸ ಊರಿಂದೂರಿಗೆ ಬೇರೆಯಾಗುತ್ತದೆ. ಇಂಡಿ ಕಡೆ ಹೋದರೆ ಅದು ಲಿಂಬೆ ತೋಟದ ಬೇಲಿ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಅಲ್ಲಿ ಗಿಡಕ್ಕೂ ಮುಳ್ಳು, ಬೇಲಿಗೂ ಮುಳ್ಳು. ಹೆಗಲಿಗೆ ಪೆಟ್ರೋಲ್ ಯಂತ್ರ ನೇತುಹಾಕಿಕೊಂಡು ಹುಲ್ಲು ಸವರುವ ಹುಡುಗರ ಹಿಂದೆ ಕತ್ತರಿಸಿದ ಕರಕಿಯ ವಾಸನೆ, ಉದುರಿದ ಲಿಂಬೆಯ ವಾಸನೆ ಒಂದಾಗಿ ಬರುತ್ತವೆ. ಸಿಂದಗಿ ಕಡೆ ಅದೇ ಕೆಲಸ ಇಂಡಿ ಶಾಖಾ ಕಾಲುವೆಯ ಏರಿ ಮೇಲೆ. ನಾರಾಯಣಪುರದ ನೀರು ಸೋರಿ ನೆನೆದ ಮಣ್ಣಿನಲ್ಲಿ ಜಾಲಿ ಕಬ್ಬಿನಂತೆ ಏಳುತ್ತದೆ. ಮುದ್ದೇಬಿಹಾಳದಲ್ಲಿ ಆಲಮಟ್ಟಿ ಎಡದಂಡೆ ಕಾಲುವೆಯದೂ ಅದೇ ಕತೆ. ಕಾಲುವೆಯ ಹೂಳು, ಕಂಟಿ ತೆಗೆಯುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ಬಂದರೆ ಹೆಂಗಸರ ಸಾಲೇ ಏರಿಯ ಮೇಲೆ ಕಾಣುತ್ತದೆ. 2025–26ರಲ್ಲಿ ಅದರ ದಿನಗೂಲಿ 370 ರೂಪಾಯಿ ಇತ್ತು. ಮುಳ್ಳಿಗೆ ಬೇರೆ ದರವಿಲ್ಲ.

ಇಲ್ಲಿಂದ ಕೆಳಗೆ ಕಣ್ಣು ಹಾಯಿಸಿದರೆ ಹಸಿರು ಪಟ್ಟೆಯೊಂದು ಸೊಟ್ಟಗೆ ಹರಿದು ಹೋಗುತ್ತದೆ. ಹೊಸಬರು ತೋಟವೆನ್ನುತ್ತಾರೆ. ಅದು ಡೋಣಿ. ಮಹಾರಾಷ್ಟ್ರದ ಜತ್ತ ಸೀಮೆಯಿಂದ ಬಂದು, ಬಸವನಬಾಗೇವಾಡಿ, ತಾಳಿಕೋಟೆ ಹಾಯ್ದು ಕೃಷ್ಣೆ ಸೇರುವ ಉಪ್ಪುನೀರಿನ ನದಿ. ಡೋಣಿ ಸಾಲು ಬೆಳೆದರೆ ಓಣಿ ಓಣಿಗೂ ಕಾಳು ಎಂದು ಹಿರಿಯರು ಆಡಿಕೊಳ್ಳುವ ನದಿಯ ಪಾತ್ರವೆಲ್ಲ ಈಗ ಹೂಳು, ಹೂಳಿನ ಮೇಲೆಲ್ಲ ಜಾಲಿ. ನೀರಿಗೆ ಹಾದಿ ಇಲ್ಲ, ದೊಡ್ಡ ಮಳೆಯಾದರೆ ಅದು ಹೊಲಗಳಿಗೆ ನುಗ್ಗುತ್ತದೆ, ತಾಳಿಕೋಟೆ ಬಳಿ ಸೇತುವೆ ಮುಳುಗುತ್ತದೆ. ಹೂಳೆತ್ತಿರೆಂಬ ಕೂಗು ಹಳೆಯದು. ಒಡ್ಡಿಗೆ ಇಬ್ಬರು ವಾರಸುದಾರರು, ಹಾಗಾಗಿ ಒಂದು ಕೊಡಲಿಯಾದರೂ ಬರುತ್ತದೆ. ನದಿಯ ಅಂಚಿಗೆ ಬಂದು ಬುಡ ಅಗೆಯುವ ಕಾಕಾ ಯಾರು?

ಮಧ್ಯಾಹ್ನದ ಬಿಸಿಲಿಗೆ ಕೆಲಸ ನಿಲ್ಲಿಸಿ, ನಾಲ್ಕರ ಮೇಲೆ ಮತ್ತೆ ಹಿಡಿದರು. ಕೊನೆಯ ಬಾರಿಕಂಟಿಗೆ ಕೊಡಲಿ ಎತ್ತಿದ ಕಾಕಾ ಹಾಗೇ ಇಳಿಸಿದರು. ಬುಡದಿಂದ ಕವಜುಗವೊಂದು ಪಟಪಟ ಓಡಿ, ಬೋಳು ಹೊಲದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಕಾಣದೆ ಕಕ್ಕಾಬಿಕ್ಕಿಯಾಗಿ ನಿಂತಿತು. ಹುಲ್ಲಿನ ಗುಳಿಯಲ್ಲಿ ಐದು ಮೊಟ್ಟೆ. ಆ ಕಂಟಿ ಉಳಿಯಿತು. ಕಡಿದದ್ದರಲ್ಲಿ ದಪ್ಪನೆಯವು ಒಲೆಗೆ, ಗುಂಟದ ಅಳತೆಯವು ದಾವಣಿಗೆ. ಉಳಿದ ಮುಳ್ಳುಕೊಂಬೆಗಳನ್ನು ಕವೆಗೋಲಿನಿಂದ ಉರುಳಿಸಿಕೊಂಡು ಹೋಗಿ ಕಣಿಕೆ ಬಣವೆಯ ಸುತ್ತ ಬಿಗಿದರು, ದನ ಬಾಯಿ ಹಾಕದಂತೆ. ರೋಹಿಣಿ ಮಳೆಗೆ ಇನ್ನೂ ತಿಂಗಳ ಮೇಲೆ ದಿನಗಳಿವೆ.

ಹೊತ್ತು ಮುಳುಗುವಾಗ ಹೊಲದ ಬಾಯಿಗೆ ಕಾಕಾ ಕೊನೆಯ ಹೊರೆ ಎಳೆದು ತಂದರು. ಒಂದರ ಮೇಲೊಂದು ಕೊಂಬೆ ಹೆಣೆದು, ಬುಡ ಹೊರಗೆ ಮುಳ್ಳು ಒಳಗೆ ಸಿಕ್ಕಿಸಿ, ಮೇಲೊಂದು ಕಲ್ಲು ಹೇರಿ, ಕೈ ಝಾಡಿಸಿಕೊಂಡು ತಿರುಗಿದರು. ಆಗ ನಾವಿಬ್ಬರೂ ಕಣ್ಣಿಗೆ ಬಿದ್ದೆವು.

"ಅಯ್ಯ ನಿಮ್ಮ, ಒಳಗೇ ಉಳಿದ್ರಲ್ರೀ!"

ಕವೆಗೋಲು ಮತ್ತೆ ಎತ್ತಿದರು.