ಪೆರ್ಗೆಯಿಂದ ಹಿಂತಿರುಗಿದವನು

ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಎಡವಿಬಿದ್ದ ಗಂಡಸರ ವಿಷಯವನ್ನು ಬರೆಯುವದೇಕೆಂದು ಕೆಲವರು ಕೇಳಬಹುದು. ಉದ್ಯೋಗದಲ್ಲಿ ತಪ್ಪುಮಾಡಿ ಕೆಲಸ ಕಳಕೊಂಡವನೂ, ವ್ಯಾಪಾರದಲ್ಲಿ ಸೋತು ಸಾಲಗಾರನಾದವನೂ, ಕುಡಿತಕ್ಕೆ ಸಿಕ್ಕಿ ಮಾನಗೆಟ್ಟವನೂ ಕೊನೆಗೆ ಬಂದು ಸೇರುವದು ಮನೆಗೇ. ಬಾಗಿಲು ತೆರೆಯುವವಳು ತಾಯಿಯೋ ಹೆಂಡತಿಯೋ ಅಕ್ಕನೋ ಆಗಿರುತ್ತಾಳೆ. ಆದುದರಿಂದ ಈ ಸಂಗತಿಯು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೊರಗಿನದಲ್ಲ.

ಬಿದ್ದು ಎದ್ದವರೆಂದರೆ ನಮಗೆ ಮೊದಲು ನೆನಪಾಗುವವನು ಪೇತ್ರನು. ಅವನ ಕಥೆಯನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಯಾರೂ ಹೇಳದಿರುವದು ಮಾರ್ಕನೆನಿಸಿಕೊಂಡ ಯೋಹಾನನ ಕಥೆ. ಇವನು ಯೆರೂಸಲೇಮಿನ ಮರಿಯಳೆಂಬಾಕೆಯ ಮಗನು. ವಿಶ್ವಾಸಿಗಳು ಪ್ರಾರ್ಥನೆಗಾಗಿ ಕೂಡುತ್ತಿದ್ದದ್ದು ಆಕೆಯ ಮನೆಯಲ್ಲಿಯೇ. ಸೆರೆಯಿಂದ ಬಿಡುಗಡೆಯಾಗಿ ಬಂದ ಪೇತ್ರನ ಧ್ವನಿಯನ್ನು ಕೇಳಿ, ಸಂತೋಷದಿಂದ ಬಾಗಿಲು ತೆರೆಯುವದನ್ನೇ ಮರೆತು ಒಳಗೆ ಓಡಿದ ರೋದೆಯೆಂಬ ಹುಡುಗಿ ಇದ್ದದ್ದೂ ಆ ಮನೆಯಲ್ಲಿಯೇ. ಇಂಥಾ ಮನೆಯಲ್ಲಿ ಬೆಳೆದವನನ್ನು ಬಾರ್ನಬನೂ ಸೌಲನೂ ಕ್ರಿ.ಶ. 46–48ರ ಸುಮಾರಿಗೆ ತಮ್ಮ ಮೊದಲನೆಯ ಸುವಾರ್ತಾ ಪ್ರಯಾಣಕ್ಕೆ ಸಹಾಯಕನಾಗಿ ಕರೆದುಕೊಂಡು ಹೋದರು. ಕುಪ್ರ ದ್ವೀಪವನ್ನು ದಾಟುವ ತನಕ ಅವನು ಸಂಗಡ ಇದ್ದನು. ಅಲ್ಲಿಂದ ಹಡಗಿನಲ್ಲಿ ಪಂಫುಲ್ಯದ ಪೆರ್ಗೆಗೆ ಬಂದಾಗ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದನು.

ಯಾಕೆ ಹಿಂತಿರುಗಿದನೆಂಬದನ್ನು ಶಾಸ್ತ್ರವು ಹೇಳುವದಿಲ್ಲ. ಪೆರ್ಗೆಯಿಂದ ಮುಂದಿನ ದಾರಿಯು ಇಂದಿನ ತುರ್ಕಿ ದೇಶದ ದಕ್ಷಿಣದಲ್ಲಿರುವ ಟಾರಸ್ ಪರ್ವತಗಳನ್ನು ಹತ್ತಿ ಹೋಗುತ್ತದೆ. ಅದಕ್ಕೆ ಅಂಜಿದನೆಂದು ಕೆಲವರೂ, ತನ್ನ ಬಂಧುವಾದ ಬಾರ್ನಬನ ಹೆಸರು ಎರಡನೆಯದಾದದ್ದು ಅವನಿಗೆ ಸರಿಬೀಳಲಿಲ್ಲವೆಂದು ಕೆಲವರೂ ಊಹಿಸಿದ್ದಾರೆ. ಶಾಸ್ತ್ರದ ಈ ಮೌನವು ನನಗಂತೂ ಬಹಳ ದಯೆಯುಳ್ಳದ್ದಾಗಿ ಕಾಣುತ್ತದೆ. ಸೋತು ಬಂದ ಮಗನನ್ನು ಊಟಕ್ಕೆ ಕೂತಾಗಲೂ ಏಳುವಾಗಲೂ "ನೀನು ಹೀಗೇಕೆ ಮಾಡಿದೆ?" ಎಂದು ಕೇಳುವ ಮನೆಗಳಿವೆ. ಪುನರುತ್ಥಾನವಾದ ಕರ್ತನಾದರೋ ಸಮುದ್ರ ತೀರದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಉಣಬಡಿಸಿದನು. ಪೇತ್ರನನ್ನು ಪ್ರಶ್ನಿಸಿದ್ದು ಊಟವಾದ ಮೇಲೆ. ಆ ಪ್ರಶ್ನೆಯೂ ತಪ್ಪಿನ ಕಾರಣವನ್ನು ಕುರಿತದ್ದಲ್ಲ, ಪ್ರೀತಿಯನ್ನು ಕುರಿತದ್ದು. ಪ್ರತಿ ಉತ್ತರಕ್ಕೂ ಒಂದೊಂದಾಗಿ ಕುರಿಗಳನ್ನು ಕಾಯುವ ಕೆಲಸವನ್ನು ಒಪ್ಪಿಸಿದನು.

ಎರಡನೆಯ ಪ್ರಯಾಣದ ಕಾಲಕ್ಕೆ ಬಾರ್ನಬನು ಮಾರ್ಕನನ್ನು ಪುನಃ ಕರೆದುಕೊಂಡು ಹೋಗಬೇಕೆಂದನು, ಪೌಲನು ಕೂಡದೆಂದನು. ವಾದವು ತೀಕ್ಷ್ಣವಾಗಿ, ಅವರಿಬ್ಬರೂ ಅಗಲಿದರು. ಇಲ್ಲಿ ಪೌಲನನ್ನು ಕಠಿಣನೆಂದು ತಳ್ಳಿಬಿಡುವದು ನ್ಯಾಯವಲ್ಲ. ನಡುದಾರಿಯಲ್ಲಿ ಒಬ್ಬನು ಕೈಬಿಟ್ಟರೆ ಉಳಿದವರು ಕಷ್ಟಪಡಬೇಕಾಗುತ್ತದೆ. ಕುಡುಕನಿಂದ ಪೆಟ್ಟುತಿಂದ ಹೆಂಡತಿಗೆ "ಇನ್ನೊಮ್ಮೆ ನಂಬು" ಎಂದು ಹೊರಗಿನವರು ಸುಲಭವಾಗಿ ಹೇಳಬಾರದು. ಆದರೂ ಒಂದು ಸಂಗತಿಯುಂಟು. ಹಿಂದೆ ಯೆರೂಸಲೇಮಿನ ಶಿಷ್ಯರು ಸೌಲನಿಗೆ ಭಯಪಟ್ಟು ಅವನನ್ನು ಸೇರಿಸಿಕೊಳ್ಳದೆ ಇದ್ದಾಗ, ಅವನನ್ನು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋಗಿ ಅವನ ಪರವಾಗಿ ಮಾತಾಡಿದವನು ಇದೇ ಬಾರ್ನಬನು. ಅವನ ನಿಜವಾದ ಹೆಸರು ಯೋಸೇಫ. ಧೈರ್ಯ ಹೇಳುವವನೆಂಬ ಅರ್ಥವುಳ್ಳ ಬಾರ್ನಬನೆಂಬದು ಅಪೊಸ್ತಲರು ಇಟ್ಟ ಹೆಸರು.

ಪೌಲನು ಸೀಲನೊಂದಿಗೆ ಸಿರಿಯ ಕಿಲಿಕ್ಯ ಸೀಮೆಗಳಿಗೆ ಹೋದನು. ಬಾರ್ನಬನು ಮಾರ್ಕನೊಂದಿಗೆ ಕುಪ್ರಕ್ಕೆ ಹೋದನು. ಈ ಕೊನೆಯ ಮಾತನ್ನು ನಾವು ಓದಿ ದಾಟಿಬಿಡುತ್ತೇವೆ. ಆದರೆ ಕುಪ್ರವು ಬಾರ್ನಬನ ಸ್ವಂತ ನಾಡು. ಮಾರ್ಕನು ಒಮ್ಮೆ ಸೋಲದೆ ನಡೆದಿದ್ದ ದಾರಿಯೂ ಅದೇ. ಅವನನ್ನು ಹೆದರಿಸಿದ ಸ್ಥಳಕ್ಕೆ ಮರಳಿ ದೂಡದೆ, ಅವನು ಬಲ್ಲ ಕೆಲಸವನ್ನೇ ಅವನನ್ನು ಬಲ್ಲವನ ಜೊತೆಯಲ್ಲಿ ಮತ್ತೆ ಮಾಡುವಂತಾಯಿತು.

ನಾನು ಬಲ್ಲ ಒಂದು ಸಭೆಯಲ್ಲಿ ಲೆಕ್ಕ ಬರೆಯುತ್ತಿದ್ದವನೊಬ್ಬನು ಕಾಣಿಕೆಯ ಹಣವನ್ನು ಸ್ವಂತ ಸಾಲಕ್ಕೆ ಉಪಯೋಗಿಸಿ ಸಿಕ್ಕಿಬಿದ್ದನು. ಹೆಂಡತಿಯು ತನ್ನ ಬಳೆಗಳನ್ನು ಮಾರಿ ಹಣ ತುಂಬಿದಳು. ಅವನು ನಾಚಿ ಆರಾಧನೆಗೆ ಬರುವದನ್ನೇ ಬಿಟ್ಟನು. ಕೆಲವು ತಿಂಗಳಾದ ಮೇಲೆ ಒಬ್ಬ ಹಿರಿಯರು ಅವನ ಮನೆಗೆ ಹೋಗಿ, ಬುದ್ಧಿಮಾತು ಒಂದನ್ನೂ ಹೇಳದೆ, ಭಾನುವಾರ ಬೆಳಿಗ್ಗೆ ಸ್ವಲ್ಪ ಬೇಗ ಬಂದು ದೇವಾಲಯದ ಕಿಟಕಿಗಳನ್ನು ತೆರೆದು ಕೀರ್ತನೆ ಪುಸ್ತಕಗಳನ್ನು ಹಂಚಿಡಬಹುದೋ ಎಂದು ಕೇಳಿದರು. ಅವನು ಬಂದನು, ಬಹಳ ವರ್ಷ ಅದನ್ನು ಮಾಡಿದನು. ಹಣದ ಪೆಟ್ಟಿಗೆಯನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ, ಅವನೂ ಕೇಳಲಿಲ್ಲ.

ಕುಪ್ರದಲ್ಲಿ ಏನಾಯಿತೆಂಬದು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿಲ್ಲ. ಆದರೆ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಮಾರ್ಕನು ಸೆರೆಯಲ್ಲಿದ್ದ ಪೌಲನ ಸಂಗಡ ಇದ್ದಾನೆ. ಅವನು ಬಂದರೆ ಸೇರಿಸಿಕೊಳ್ಳಬೇಕೆಂದು ಪೌಲನೇ ಸಭೆಗೆ ಅಪ್ಪಣೆ ಹೇಳಿಸಿದ್ದಾನೆ. ಒಬ್ಬನ ಅಪಕೀರ್ತಿಯು ಅವನಿಗಿಂತ ಮುಂಚೆ ಊರು ಸೇರುವದುಂಟಷ್ಟೆ; ಅದಕ್ಕೆ ಇಂಥಾ ಬಹಿರಂಗವಾದ ಮಾತೇ ಬೇಕು. ಪೇತ್ರನ ಮೊದಲನೆಯ ಪತ್ರಿಕೆಯು ಅವನನ್ನು ಮಗನೆಂದು ಕರೆಯುತ್ತದೆ. ಪೇತ್ರನ ಬಾಯಿಂದ ಕೇಳಿದ್ದನ್ನು ಮಾರ್ಕನು ಸುವಾರ್ತೆಯಾಗಿ ಬರೆದನೆಂದು ಎರಡನೆಯ ಶತಮಾನದ ಆರಂಭದಲ್ಲಿದ್ದ ಪಪಿಯನೆಂಬ ಸಭಾಧ್ಯಕ್ಷನು ತಿಳಿಸಿದ್ದಾನೆ. ಪೇತ್ರನು ಮೂರು ಸಾರಿ ಅಲ್ಲಗಳೆದದ್ದನ್ನು ಆ ಸುವಾರ್ತೆಯು ಮುಚ್ಚಿಡದೆ ಹೇಳುತ್ತದೆ.

ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಮರಣವನ್ನು ಎದುರುನೋಡುವ ಪೌಲನು ಕಾಣುತ್ತಾನೆ. ದೇಮನು ಅವನನ್ನು ಬಿಟ್ಟುಹೋಗಿದ್ದಾನೆ, ಲೂಕನು ಮಾತ್ರ ಹತ್ತಿರ ಇದ್ದಾನೆ, ಚಳಿಗಾಲವು ಸಮೀಪಿಸುತ್ತಿದೆ. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ತಿಮೊಥೆಯನ್ನು ಕೇಳಿಕೊಳ್ಳುತ್ತಾನೆ. ಅವೆರಡನ್ನೂ ಕೇಳುವದಕ್ಕೆ ಮುಂಚೆ, ಮಾರ್ಕನು ತನ್ನ ಸೇವೆಗೆ ಉಪಯುಕ್ತನೆಂದು ಹೇಳಿ, ಅವನನ್ನು ಕರೆದುಕೊಂಡು ಬಾ ಎಂದು ಬರೆಯಿಸಿದ್ದಾನೆ.