ವಜ್ರವೂ ಒಡೆಯುತ್ತದೆ: ಮಹಾ ಒತ್ತಡಕ್ಕೆ ಆಕಾರವೇ ಆಸರೆ

2017ರ ಜನವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜಲಜನಕವನ್ನು ಲೋಹವಾಗಿ ಮಾರ್ಪಡಿಸಿರುವುದಾಗಿ ಪ್ರಕಟಿಸಿದರು. ಅದಕ್ಕಾಗಿ ವಾಯುಮಂಡಲದ ಒತ್ತಡದ ಸುಮಾರು 49 ಲಕ್ಷ ಪಟ್ಟು ಒತ್ತಡ ಹಾಕಿದ್ದಾಗಿ ಅವರು ಹೇಳಿದ್ದರು. ಮರು ತಿಂಗಳೇ ಲೇಸರ್ ಬಳಸಿ ಒತ್ತಡ ಅಳೆಯುವಾಗ ವಜ್ರ ಪುಡಿಯಾಯಿತು. ಜಲಜನಕದ ಮಾದರಿಯೂ ಕೈತಪ್ಪಿತು. ಆ ಪ್ರತಿಪಾದನೆಯನ್ನು ಶಂಕಿಸಿದವರಿಗೆ ಅದೇ ಮಾದರಿಯಿಂದ ಉತ್ತರ ನೀಡುವ ದಾರಿ ಮುಚ್ಚಿಹೋಯಿತು.

ಅತ್ಯಂತ ಗಡಸು ವಸ್ತುವೆನಿಸಿದ ವಜ್ರವೂ ಒಡೆಯುವುದೇಕೆ?

ಈ ಉಪಕರಣದ ಮೊದಲ ರೂಪ ಸಿದ್ಧವಾದದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ. ಕಮ್ಮಾರನ ಅಡಿಗಲ್ಲಿನಂತೆ ಕೆಲಸ ಮಾಡುವ ಎರಡು ವಜ್ರಗಳ ಮೊಟಕು ತುದಿಗಳು ಎದುರುಬದುರಾಗಿ ನಿಲ್ಲುತ್ತವೆ. ನಡುವಿನ ಲೋಹದ ತಗಡಿನ ಸಣ್ಣ ರಂಧ್ರದಲ್ಲಿ ಮಾದರಿ ಇರುತ್ತದೆ. ತುದಿ ಕಿರಿದಾದಷ್ಟೂ ಅದೇ ಬಲಕ್ಕೆ ಹೆಚ್ಚು ಒತ್ತಡ ದೊರೆಯುವುದರಿಂದ ತಿರುಪುಗಳನ್ನು ಬಿಗಿದರೂ ಸಾಕು. ವಜ್ರ ಪಾರದರ್ಶಕವಾದ್ದರಿಂದ ಬೆಳಕು, ಎಕ್ಸ್-ಕಿರಣಗಳನ್ನು ಹಾಯಿಸಿ ಒಳಗಿನ ಮಾದರಿಯನ್ನು ಪರಿಶೀಲಿಸಬಹುದು.

ಆದರೆ ಚಪ್ಪಟೆ ತುದಿಯ ಅಂಚಿನಲ್ಲಿ ಬಿಗಿತವೆಲ್ಲ ಕೂಡಿಕೊಂಡು ಬಿರುಕು ಹುಟ್ಟುತ್ತದೆ. ಅಂಚನ್ನು ಓರೆಯಾಗಿ ಕೊಯ್ದು ಈ ಬಿಗಿತವನ್ನು ಹಂಚುವುದು ಮೊದಲ ಸುಧಾರಣೆ. 1978ರಲ್ಲಿ ಕಾರ್ನೆಗಿ ಸಂಸ್ಥೆಯ ಹೋ-ಕ್ವಾಂಗ್ ಮಾವೋ ಮತ್ತು ಪೀಟರ್ ಬೆಲ್ 17 ಲಕ್ಷ ಪಟ್ಟು ಒತ್ತಡ ತಲುಪಿದ್ದರು. ಓರೆ ಅಂಚಿಗೂ ಮಿತಿಯುಂಟು. ಸುಮಾರು 40 ಲಕ್ಷ ಪಟ್ಟಿನ ಆಸುಪಾಸಿನಲ್ಲಿ ತುದಿಯೇ ಬಟ್ಟಲಿನಂತೆ ಒಳಬಾಗುತ್ತದೆ. ಬಳಿಕ ಹಾಕುವ ಬಲ ಮಾದರಿಯನ್ನು ಮುಟ್ಟದೆ ಅಂಚುಗಳ ಪಾಲಾಗುತ್ತದೆ.

2018ರಲ್ಲಿ ಫ್ರಾನ್ಸ್ ಹಾಗೂ ಅಮೆರಿಕದ ಎರಡು ತಂಡಗಳು ಇದಕ್ಕೆ ಪರಿಹಾರ ತೋರಿದವು. ಅವು ಸೂಕ್ಷ್ಮ ಅಯಾನು ಕಿರಣದಿಂದ ತುದಿಯ ಸುತ್ತ ಉಂಗುರದಂಥ ಕಾಲುವೆಯನ್ನು ಕೊರೆದವು. ಒತ್ತಡಕ್ಕೆ ಸಿಲುಕಿದ ತಗಡಿನ ಲೋಹ ಆ ಕಾಲುವೆಗೆ ಹರಿದು ತುದಿಗೆ ಆಸರೆಯಾಗುತ್ತದೆ. ಹೀಗೆ ಒತ್ತಡ ಸುಮಾರು 60 ಲಕ್ಷ ಪಟ್ಟು ತಲುಪಿತು. ಭೂಮಿಯ ಕೇಂದ್ರದಲ್ಲಿರುವುದು ಸುಮಾರು 36 ಲಕ್ಷ ಪಟ್ಟು ಮಾತ್ರ.

2020ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಇಂಥ ವಜ್ರಗಳ ನಡುವೆ ಜಲಜನಕವನ್ನು ಅದುಮಿದರು. ಸುಮಾರು 42 ಲಕ್ಷ ಪಟ್ಟಿನಲ್ಲಿ ಅದು ಅವಗೆಂಪು ಕಿರಣಗಳನ್ನು ಹೀರುವ ಬಗೆ ಥಟ್ಟನೆ ಬದಲಾಯಿತು; ಒತ್ತಡ ಇಳಿಸಿದಾಗ ಮೊದಲಿನಂತಾಯಿತು. ಜಲಜನಕ ಲೋಹವಾದುದರ ಸೂಚನೆ ಇದೆಂದು ಅವರು ತೀರ್ಮಾನಿಸಿದರು.

ಕಾಲುವೆಯ ನಡುವಿನ ತುದಿ ತೀರ ಕಿರಿದು; ಅಲ್ಲಿ ಹಿಡಿಸುವ ಮಾದರಿಯೂ ಅತ್ಯಲ್ಪ. ಆದರೂ ಒತ್ತಡವನ್ನು ಏರಿಸಿದಷ್ಟೇ ಸುರಕ್ಷಿತವಾಗಿ ಇಳಿಸಿ, ಫಲಿತಾಂಶವನ್ನು ಮತ್ತೊಮ್ಮೆ ಪರೀಕ್ಷಿಸಲು ಸಾಧ್ಯವಾದಾಗಲೇ ಪ್ರತಿಪಾದನೆಯೊಂದು ಪುರಾವೆಯಾಗುತ್ತದೆ.